ಟಿಪ್ಪರ್ ಜಾಕ್‌ನ ದಪ್ಪ ಕೊಳವೆ ಮೊದಲು ಏಳುವುದೇಕೆ?

ಪ್ರಶ್ನೆ: ಟಿಪ್ಪರ್ ಲಾರಿಯ ತೊಟ್ಟಿಯನ್ನು ಎತ್ತುವ ಜಾಕ್ ಇಳಿದಿರುವಾಗ ಕಣ್ಣಿಗೇ ಬೀಳುವುದಿಲ್ಲ, ಏರುವಾಗ ಮಾತ್ರ ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಅದರ ದಪ್ಪ ಕೊಳವೆಯೇ ಮೊದಲು ಹೊರಬರುವುದೇಕೆ? ಉದ್ದನೆಯ ಒಂದೇ ಸಿಲಿಂಡರ್ ಸಾಕಾಗುವುದಿಲ್ಲವೇ?

ಉತ್ತರ: ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸಾಮಾನ್ಯ ಹೈಡ್ರಾಲಿಕ್ ಸಿಲಿಂಡರಿನ ದಂಡ 3 ಮೀಟರ್ ಹೊರಬರಬೇಕಾದರೆ, ಆ ದಂಡವನ್ನು ಒಳಗಿಟ್ಟುಕೊಳ್ಳುವ ಸಿಲಿಂಡರ್ 3 ಮೀಟರಿಗಿಂತ ಉದ್ದವಿರಲೇಬೇಕು, ಅಷ್ಟುದ್ದದ್ದನ್ನು ತೊಟ್ಟಿಗೂ ಚಾಸಿಗೂ ನಡುವೆ ಇಡಲು ಜಾಗವಿರುವುದಿಲ್ಲ. ಟಿಪ್ಪರ್ ಜಾಕ್ ಟೆಲಿಸ್ಕೋಪಿಕ್ ಸಿಲಿಂಡರ್ ಆಗಿದ್ದು, ಅದರಲ್ಲಿ ಸಾಮಾನ್ಯವಾಗಿ 3ರಿಂದ 5 ಉಕ್ಕಿನ ಕೊಳವೆಗಳು ಒಂದರೊಳಗೊಂದು ಕೂರುವುದರಿಂದ, ಮಡಚಿದಾಗಿನ ಉದ್ದ ಪೂರ್ತಿ ಚಾಚಿದಾಗಿನ ಉದ್ದದ ಶೇ 20ರಿಂದ 40ರಷ್ಟಕ್ಕೆ ಇಳಿಯುತ್ತದೆ.

ಕೊಳವೆಗಳ ಸರದಿಯನ್ನು ನಿರ್ಧರಿಸಲು ಒಳಗೆ ಯಾವ ಕೊಂಡಿಯೂ ಬೇಕಿಲ್ಲ, ಅಗಲವೇ ಅದನ್ನು ನಿರ್ಧರಿಸುತ್ತದೆ. ಎಣ್ಣೆಯ ಒತ್ತಡ ಎಲ್ಲ ಕೊಳವೆಗಳಿಗೂ ಒಂದೇ, ಆದರೆ ಬಲವೆಂದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದ್ದು. 12 ಟನ್ ಹೊರೆಯನ್ನು ಎತ್ತಲು 140 ಮಿ.ಮೀ. ವ್ಯಾಸದ ಕೊಳವೆಗೆ ಸುಮಾರು 76 ಬಾರ್ ಒತ್ತಡ ಸಾಕು, 100 ಮಿ.ಮೀ. ಕೊಳವೆಗೆ ಸುಮಾರು 150 ಬಾರ್ ಬೇಕು. ಪಂಪ್ ಚಾಲೂ ಆಗಿ ಒತ್ತಡ ಏರುತ್ತಾ ಬರುವಾಗ 76 ಬಾರ್ ಮೊದಲು ಸಿಗುತ್ತದೆಯಾದ್ದರಿಂದ, ದಪ್ಪ ಕೊಳವೆ ತನ್ನೊಳಗಿನವನ್ನೆಲ್ಲ ಹೊತ್ತುಕೊಂಡು ಮೊದಲು ಏಳುತ್ತದೆ. ಟಿಪ್ಪರಿಗೆ ಇದು ಹೇಳಿ ಮಾಡಿಸಿದಂತಿದೆ: ತೊಟ್ಟಿ ಅಡ್ಡಲಾಗಿರುವಾಗಲೇ ಭಾರ ಅತಿ ಹೆಚ್ಚು, ಅದು ವಾಲುತ್ತಾ ಹೋದಂತೆ ಭಾರ ಹಿಂದಿನ ಕೀಲಿನತ್ತ ಸರಿದು, ಜಲ್ಲಿಯೂ ಜಾರಿ ಸುರಿಯತೊಡಗುವುದರಿಂದ, ಉಳಿದ ಕೆಲಸಕ್ಕೆ ಸಣ್ಣ ಕೊಳವೆಗಳ ಬಲವೇ ಸಾಕಾಗುತ್ತದೆ.

ಹತ್ತಿರ ನಿಂತು ನೋಡಿದರೆ ಒಂದು ಕೊಳವೆ ಮುಗಿದು ಮುಂದಿನದು ಹೊರಡುವಾಗ ತೊಟ್ಟಿ ಸಣ್ಣಗೆ ಜಗ್ಗಿದಂತಾಗಿ, ಆಮೇಲೆ ಏರುವ ವೇಗ ಹೆಚ್ಚುವುದು ಕಾಣುತ್ತದೆ. ಪಂಪ್ ನಿಮಿಷಕ್ಕೆ ಕೊಡುವ ಎಣ್ಣೆ ಅಷ್ಟೇ ಇದ್ದರೂ ತುಂಬಬೇಕಾದ ಜಾಗ ಕಿರಿದಾಗಿರುವುದೇ ಇದಕ್ಕೆ ಕಾರಣ; ಮೇಲಿನ ಲೆಕ್ಕದಲ್ಲಿ ವೇಗ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ.

ಇಳಿಸುವಾಗ ವಾಲ್ವ್ ತೆರೆದರೆ ತೊಟ್ಟಿಯ ಭಾರವೇ ಎಣ್ಣೆಯನ್ನು ಟ್ಯಾಂಕಿಗೆ ಹಿಂದೂಡುತ್ತದೆ, ಸಣ್ಣ ಕೊಳವೆ ಮೊದಲು ಒಳಸೇರುತ್ತದೆ. ಕಸದ ಲಾರಿಯ ತಳ್ಳುಹಲಗೆಯಂತೆ ಅಡ್ಡಲಾಗಿ ಚಲಿಸುವ ಕಡೆ ಭಾರದ ನೆರವು ಸಿಗದ ಕಾರಣ, ಹಿಂದಕ್ಕೆಳೆಯಲೂ ಎಣ್ಣೆಯನ್ನೇ ಬಳಸುವ, ಹೆಚ್ಚು ಸೀಲ್‌ಗಳುಳ್ಳ (ಎಣ್ಣೆ ಸೋರದಂತೆ ತಡೆಯುವ ಬಳೆಗಳು) ದುಬಾರಿ ಸಿಲಿಂಡರ್ ಬೇಕಾಗುತ್ತದೆ.

ಈ ಜಾಕ್ ನೇರವಾಗಿ ತಳ್ಳಬಲ್ಲದೇ ಹೊರತು ಪಕ್ಕದ ಒತ್ತಡವನ್ನು ತಾಳಲಾರದು. ಏರುತಗ್ಗಿನ ನೆಲದಲ್ಲಿ ಲಾರಿ ನಿಲ್ಲಿಸಿ ತೊಟ್ಟಿ ಎತ್ತಿದರೆ ಕೊಳವೆಗಳು ಒಂದನ್ನೊಂದು ಉಜ್ಜಿ ಗೀರು ಬೀಳುತ್ತವೆ, ಸೀಲ್ ಹರಿದು ಎಣ್ಣೆ ಸೋರುತ್ತದೆ. ನಿಮ್ಮ ಲಾರಿಯಲ್ಲಿ ಎಂದಾದರೂ ಸಣ್ಣ ಕೊಳವೆಯೇ ಮೊದಲು ಎದ್ದರೆ, ದಪ್ಪನೆಯದು ಎಲ್ಲೋ ಕಚ್ಚಿಕೊಂಡಿದೆಯೆಂದು ತಿಳಿದು, ತೊಟ್ಟಿಯನ್ನು ಇಳಿಸಿ ಸಿಲಿಂಡರನ್ನು ಬಿಚ್ಚಿಸಿ ನೋಡಿಸಬೇಕು.