ಪದ ಹೋದರೂ ಮಟ್ಟು ಉಳಿಯುತ್ತದೆ

ಪ್ರಿಯ ಓದುಗರೇ,

ಸರ್ಕಾರಿ ಶಾಲೆಯ ಸಂಗೀತ ಪಾಠ ದೇಶದ ಸಂಸ್ಕೃತಿಯನ್ನು ರೂಪಿಸುತ್ತದೆ ಎಂಬ ನಮ್ಮ ಮಾತನ್ನು ನೀವು ಒಪ್ಪಿಲ್ಲ. ‘ನಾಲ್ಕು ದೇಶಭಕ್ತಿ ಗೀತೆ ಬಾಯಿಪಾಠವಾದರೆ ಆಯಿತು, ಅದಕ್ಕೊಂದು ಪೀರಿಯಡ್ ಏಕೆ?’ ಎಂದು ಕೇಳಿದ್ದೀರಿ. ಹಾಡಿನ ಸಾಹಿತ್ಯಕ್ಕಿಂತ ಸ್ವರಗಳೇ ಹೆಚ್ಚು ಕಾಲ ಬಾಳುತ್ತವೆ. ಪೀರಿಯಡ್ ಬೇಕಾಗಿರುವುದು ಆ ಕಾರಣಕ್ಕೆ.

ಜಪಾನನ್ನು ನೋಡಿ. 1872ರ ಶಿಕ್ಷಣ ಶಾಸನ ಹಾಡುಗಾರಿಕೆಯನ್ನು ಪಠ್ಯಕ್ಕೆ ಸೇರಿಸಿ, ‘ಸದ್ಯಕ್ಕೆ ಬಿಡಬಹುದು’ ಎಂದೂ ಬರೆಯಿತು. 1880ರಲ್ಲಿ ಬಾಸ್ಟನ್ನಿನ ಶಾಲಾ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್ ಅಲ್ಲಿಗೆ ಬಂದ ಮೇಲೆ, ಜಪಾನಿನ ಶಿಕ್ಷಣಾಧಿಕಾರಿ ಇಜಾವಾ ಶೂಜಿಯವರ ಮುಂದಾಳತ್ವದಲ್ಲಿ ಶಾಲಾ ಹಾಡಿನ ಪುಸ್ತಕ ಸಿದ್ಧವಾಯಿತು. ಪಾಶ್ಚಾತ್ಯ ಮಟ್ಟುಗಳಿಗೆ ಜಪಾನಿ ಪದ ಕೂಡಿಸಿದ ಹಾಡುಗಳು ಅದರಲ್ಲಿ ಬಹಳ. ಸ್ಕಾಟ್ಲೆಂಡಿನ ಒಂದು ಮಟ್ಟು ‘ಹೊತಾರು ನೊ ಹಿಕಾರಿ’ ಎಂಬ ಬೀಳ್ಕೊಡುಗೆಯ ಹಾಡಾಯಿತು. ಎರಡನೆಯ ಮಹಾಯುದ್ಧದ ನಂತರ ಅದರ ದೇಶಾಭಿಮಾನದ ಕೊನೆಯ ಚರಣಗಳನ್ನು ಜನ ಬಿಟ್ಟರು, ಮಟ್ಟನ್ನು ಬಿಡಲಿಲ್ಲ. ನಾಲ್ಕನೆಯ ಮತ್ತು ಏಳನೆಯ ಸ್ವರಗಳಿಲ್ಲದ ಅದರ ಶ್ರೇಣಿಗೆ (ಮೋಹನ ರಾಗ ಬಲ್ಲವರಿಗೆ ‘ಸರಿಗಪದ’ ಎಂದರೆ ಸಾಕು) ಅಲ್ಲಿ ‘ಯೊನಾನುಕಿ’ ಎಂಬ ಹೆಸರಿದೆ. ಶಾಲೆಯ ಹಾಡುಗಳಲ್ಲಿ ಬೇರೂರಿದ ಈ ಶ್ರೇಣಿ ಮುಂದೆ ಜನಪ್ರಿಯ ಗೀತೆಗಳಿಗೂ ಹರಿಯಿತು.

ಹಂಗೆರಿಯ ಸಂಗೀತ ಸಂಯೋಜಕ ಜೊಲ್ತಾನ್ ಕೊದಾಯ್ ಹೊರಗಿನಿಂದ ಮಟ್ಟು ತರಲಿಲ್ಲ, ಹಳ್ಳಿಯ ಹಾಡುಗಳಿಂದಲೇ ಪಾಠ ಕಟ್ಟಿದರು. ಅವರ ದಾರಿಯ ಮೊದಲ ಹಾಡು-ಪಾಠಶಾಲೆ 1950ರಲ್ಲಿ ಕೆಚ್ಕೆಮೇತ್‌ನಲ್ಲಿ ಶುರುವಾಯಿತು. ಆ ಕ್ರಮದಲ್ಲಿ ಮಗು ಮೊದಲು ಕಲಿಯುವುದು ಎರಡೇ ಸ್ವರ, ಪ ಮತ್ತು ಗ. ಆಮೇಲೆ ದ, ನಂತರ ಸ, ರಿ. ಪ್ರತಿ ಸ್ವರಕ್ಕೂ ಒಂದು ಕೈಸನ್ನೆ.

ಪಾಠ ಕೆಡುವುದು ಹೆಚ್ಚಾಗಿ ಶ್ರುತಿಯಲ್ಲಿ. ಶಿಕ್ಷಕರು ತಮಗೆ ಹಿತವಾದ ತಗ್ಗು ಶ್ರುತಿ ಹಿಡಿದರೆ ಆರೇಳು ವರ್ಷದ ಮಕ್ಕಳು ಗೊಣಗುತ್ತಾರೆ, ಇಲ್ಲವೇ ಕಿರುಚುತ್ತಾರೆ. ಅವರ ದನಿ ಸಲೀಸಾಗಿ ನಡೆಯುವುದು ಹಾರ್ಮೋನಿಯಂನ ಮಧ್ಯಸ್ಥಾಯಿಯ ‘ಡಿ’ಯಿಂದ ‘ಎ’ವರೆಗೆ. ಇನ್ನೊಂದು ತಪ್ಪು, ಶಿಕ್ಷಕರು ಕೊನೆಯವರೆಗೂ ಜೊತೆಗೇ ಹಾಡುವುದು: ಮಕ್ಕಳು ಅರ್ಧ ಮಾತ್ರೆ ಹಿಂದೆ ಬಿದ್ದು ಅನುಸರಿಸುತ್ತಾರೆ, ಕಲಿಯುವುದಿಲ್ಲ. ಒಂದು ಸಾಲನ್ನು ಎರಡು ಸಲ ಹಾಡಿ ಕೇಳಿಸಿ, ಆಮೇಲೆ ಸುಮ್ಮನಿದ್ದು ಮಕ್ಕಳಿಂದ ಹಾಡಿಸಬೇಕು. ಧ್ವನಿಮುದ್ರಿಕೆಗೆ ಈ ಕೆಲಸ ಬರುವುದಿಲ್ಲ. ತಪ್ಪಿದ ಮಗುವಿಗಾಗಿ ಅದು ನಿಲ್ಲುವುದಿಲ್ಲ.

ನೀವು ಹೇಳಿದ ನಾಲ್ಕು ಗೀತೆಗಳೂ ಇರಲಿ, ಒಂದನೇ ತರಗತಿಗೆ ಮಾತ್ರ ಬೇಡ. ಅಂಥ ಗೀತೆಗಳಲ್ಲಿ ಅನೇಕವು ಒಂದು ಸ್ಥಾಯಿಯನ್ನು ದಾಟುತ್ತವೆ. ಆ ವಯಸ್ಸಿನ ಗಂಟಲಿಗೆ ಐದಾರು ಸ್ವರಗಳ ಹಾಡೇ ಸರಿ.

— ಸಂಪಾದಕರು