ಮೆಡ್ಗರ್ ಎವರ್ಸ್ ಕೊಲೆ: ಶಿಕ್ಷೆಗೆ 30 ವರ್ಷ ಯಾಕೆ ಬೇಕಾಯ್ತು?

ಬಂದೂಕಿನಲ್ಲಿ ಬೆರಳಚ್ಚು ಸಿಕ್ಕಿದ್ದರೂ ಎವರ್ಸ್ ಕೊಲೆಯ ಆರೋಪಿ ಬೆಕ್‌ವಿತ್ 1964ರಲ್ಲಿ ಹೇಗೆ ಹೊರಬಂದ, 1994ರಲ್ಲಿ ಅದೇ ಕೇಸಿಗೆ ಮತ್ತೆ ಹೇಗೆ ಸಿಕ್ಕಿಬಿದ್ದ ಅಂತ ಕೇಳಿದ್ದೀರಿ.

ಎವರ್ಸ್ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದವರು. 1963ರ ಜೂನ್ 12ರಂದು, ಮಧ್ಯರಾತ್ರಿ ಕಳೆದ ಮೇಲೆ, ಅಲ್ಲಿನ ಜ್ಯಾಕ್ಸನ್ ನಗರದ ತಮ್ಮ ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಬೆನ್ನಿಗೆ ಗುಂಡು ಬಿತ್ತು. ವಯಸ್ಸು ಬರೀ 37.

1964ರಲ್ಲಿ ಬೆಕ್‌ವಿತ್ ಮೇಲೆ ಎರಡು ಸಲ ವಿಚಾರಣೆ ನಡೆಯಿತು. ಎರಡೂ ಸಲ ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡದಲ್ಲಿ, ಇದ್ದವರೆಲ್ಲ ಬಿಳಿಯ ಗಂಡಸರು. ಅವರಲ್ಲಿ ಒಮ್ಮತ ಬರಲಿಲ್ಲ, ಹಾಗಾಗಿ ತೀರ್ಪೇ ಆಗದೆ ಅವನು ಹೊರಬಂದ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡಿ: ಅವನು ನಿರ್ದೋಷಿ ಅಂತ ತೀರ್ಪು ಬಂದಿರಲೇ ಇಲ್ಲ. ಹಾಗಾಗಿ ಮತ್ತೆ ಕೇಸು ನಡೆಸಲು ಕಾನೂನು ಅಡ್ಡ ಬರಲಿಲ್ಲ.

1989ರಲ್ಲಿ ಒಂದು ಪತ್ರಿಕೆ ಗುಟ್ಟು ಹೊರಹಾಕಿತು. ಎರಡನೇ ವಿಚಾರಣೆಯಲ್ಲಿ ರಾಜ್ಯದ್ದೇ ಒಂದು ಆಯೋಗ ಜ್ಯೂರಿಗೆ ಬರಬಹುದಾದವರ ಹಿನ್ನೆಲೆ ಕೆದಕಿ ಆರೋಪಿಯ ವಕೀಲರಿಗೆ ಕೊಟ್ಟಿತ್ತಂತೆ! ಕೇಸು ಮತ್ತೆ ತೆರೆಯಿತು. ಆದರೆ ಹಳೇ ಕಡತವೇ ನಾಪತ್ತೆ. ವಿಚಾರಣೆಯ ಪ್ರತಿಯನ್ನು ಅಷ್ಟು ವರ್ಷ ಜೋಪಾನ ಮಾಡಿಟ್ಟವರು ಎವರ್ಸ್ ಪತ್ನಿ ಮಿರ್ಲಿ. ನನಗಂತೂ ಈ ಕಥೆಯಲ್ಲಿ ಅವರೇ ದೊಡ್ಡವರು. ಬೆಕ್‌ವಿತ್ ಕೊಲೆ ಬಗ್ಗೆ ಜಂಬ ಕೊಚ್ಚಿಕೊಂಡಿದ್ದನ್ನು ಕೇಳಿದವರೂ ಸಾಕ್ಷಿ ಹೇಳಿದರು. ಜೀವಾವಧಿ ಶಿಕ್ಷೆಯಾಯಿತು, 2001ರಲ್ಲಿ ಕೈದಿಯಾಗಿಯೇ ಸತ್ತ.