ಟೋಟಲ್ ಲಾಸ್ ಆಗಿದ್ದ ಕಾರನ್ನು ರಿಪೇರಿ ಮಾಡಿ ಮಾರುತ್ತಿದ್ದಾರೆ, ಕೊಳ್ಳಬಹುದೇ?

ಸಿಂಧನೂರಿನಿಂದ ಕೇಳಿದ್ದೀರಿ. 2019ರ ಸ್ವಿಫ್ಟ್, ಹೈದರಾಬಾದ್ ಕಡೆಯಿಂದ ಬಂದದ್ದು, ಒಮ್ಮೆ ಟೋಟಲ್ ಲಾಸ್ ಆಗಿತ್ತಂತೆ (ರಿಪೇರಿಗೆ ತೀರಾ ಖರ್ಚು ಅಂತ ಇನ್ಶೂರೆನ್ಸಿನವರು ಕೈಬಿಟ್ಟದ್ದು), ಪೇಟೆ ಬೆಲೆಗಿಂತ ಒಂದೂವರೆ ಲಕ್ಷ ಕಡಿಮೆ, ಓಡಿಸಿ ನೋಡಿದರೆ ಏನೂ ತೊಂದರೆ ಕಾಣಲಿಲ್ಲ ಅಂದಿದ್ದೀರಿ. ನಾನು ರಾಯಚೂರಿನಲ್ಲಿ ಹದಿನಾರು ವರ್ಷದಿಂದ ಟಿಂಕರಿಂಗ್, ಅಂದರೆ ಗಾಡಿಯ ಬಾಡಿ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಇಂಥ ಗಾಡಿ ಓಡಿಸಿದರೆ ತೊಂದರೆ ಗೊತ್ತಾಗುವುದಿಲ್ಲರೀ. ಇನ್ನೊಂದು ಸಲ ಗುದ್ದಿದಾಗಲೇ ಗೊತ್ತಾಗುವುದು.

ಮೂರು ವರ್ಷದ ಹಿಂದೆ ಭತ್ತದ ಸುಗ್ಗಿಯಲ್ಲಿ ಒಂದು ಬಿಳಿ ಕಾರನ್ನು ನಮ್ಮ ಶೆಡ್ಡಿಗೆ ಎಳೆದು ತಂದರು. ರಾತ್ರಿ ಮಸ್ಕಿ ಹತ್ತಿರ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರಿಗೆ ಹೋಗಿ ಗುದ್ದಿತ್ತು. ಓಡಿಸುತ್ತಿದ್ದವರು ಹೈಸ್ಕೂಲ್ ಮೇಷ್ಟ್ರು. ಬೆಲ್ಟ್ ಹಾಕಿದ್ದರೂ ದವಡೆ ಒಡೆದು, ಪಕ್ಕೆಲುಬು ಮುರಿದು ಆಸ್ಪತ್ರೆ ಸೇರಿದ್ದರು. "ಏರ್‌ಬ್ಯಾಗ್ ಯಾಕೆ ಬಿಚ್ಚಲಿಲ್ಲ?" ಅಂತ ಅವರ ತಮ್ಮ ಕೇಳುತ್ತಲೇ ಇದ್ದ. ಬ್ಯಾಟರಿ ವೈರ್ ತೆಗೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಸ್ಟೀರಿಂಗ್ ನಡುವಿನ ಹಾರ್ನ್ ಕವರ್ ಎಬ್ಬಿಸಿದೆ. ಒಳಗೆ ಏರ್‌ಬ್ಯಾಗೇ ಇರಲಿಲ್ಲ. ಹಿಂದೊಮ್ಮೆ ಹರಿದಿದ್ದ ಕವರನ್ನು ಒಳಗಿನಿಂದ ಗಮ್ ಹಾಕಿ ಅಂಟಿಸಿ, ಮೇಲೆ ಕಪ್ಪು ಬಣ್ಣ ಹೊಡೆದಿದ್ದರು. ಏರ್‌ಬ್ಯಾಗಿಗೆ ಹೋಗಬೇಕಾದ ವೈರಿನ ತುದಿಗೆ ಜೋಳದ ಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಬೆಸುಗೆ ಹಾಕಿ ಟೇಪ್ ಸುತ್ತಿತ್ತು. ಐದು ರೂಪಾಯಿಯ ಮಾಲು. ಅದೊಂದು ಇದ್ದರೆ ಗಾಡಿಯ ಕಂಪ್ಯೂಟರ್ ಏರ್‌ಬ್ಯಾಗ್ ಇದೆ ಅಂತಲೇ ತಿಳಿಯುತ್ತದೆ, ಮೀಟರಿನಲ್ಲಿ ಕೆಂಪು ದೀಪ ಉಳಿಯುವುದಿಲ್ಲ. ಅದನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಆ ಹುಡುಗ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. ಆ ಕಾರನ್ನೂ ಮೇಷ್ಟ್ರು ನಿಮ್ಮ ಹಾಗೆಯೇ, ಓಡಿಸಿ ನೋಡಿ, ಕಡಿಮೆಗೆ ಸಿಕ್ಕಿತು ಅಂತ ಕೊಂಡಿದ್ದರು.

ಹೀಗೆ ಯಾಕೆ ಮಾಡುತ್ತಾರೆ ಅನ್ನುವುದು ಲೆಕ್ಕದಲ್ಲೇ ಇದೆ. ಪಾಲಿಸಿಯಲ್ಲಿ ಬರೆದ ಐಡಿವಿಯ, ಅಂದರೆ ಇನ್ಶೂರೆನ್ಸಿಗಾಗಿ ಗಾಡಿಗೆ ಕಟ್ಟಿದ ಬೆಲೆಯ, ಶೇ. 75ಕ್ಕಿಂತ ಹೆಚ್ಚು ರಿಪೇರಿ ಖರ್ಚು ಬಂದರೆ ಇನ್ಶೂರೆನ್ಸಿನವರು ಟೋಟಲ್ ಲಾಸ್ ಅನ್ನುತ್ತಾರೆ. ನಾಲ್ಕು ಲಕ್ಷದ ಗಾಡಿಗೆ ಮೂರು ಲಕ್ಷ ದಾಟಿದರೆ ಮುಗಿಯಿತು. ಇನ್ಶೂರೆನ್ಸ್ ಪರವಾಗಿ ಗಾಡಿ ನೋಡುವ ಸರ್ವೇಯರ್ ಆ ಖರ್ಚು ಬರೆಯುವುದು ಹೊಸ ಏರ್‌ಬ್ಯಾಗ್, ಹೊಸ ಬೆಲ್ಟ್, ಹೊಸ ಬಾಡಿ ಭಾಗ ಎಲ್ಲ ಸೇರಿಸಿ. ಆ ಗಾಡಿಯನ್ನು ಹರಾಜಿನಲ್ಲಿ ಹಿಡಿದವನು ಅದನ್ನೆಲ್ಲ ಹಾಕಿಸಿದರೆ ಅವನಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಹಾಗಾಗಿ ಬಂಪರ್, ಬಾನೆಟ್, ಲೈಟು, ಪೇಂಟಿಗೆ ದುಡ್ಡು ಸುರಿಯುತ್ತಾನೆ, ಕಣ್ಣಿಗೆ ಬೀಳದ್ದನ್ನು ಹಾಗೇ ಮುಚ್ಚುತ್ತಾನೆ. ಗುದ್ದಿದಾಗ ಸೀಟ್ ಬೆಲ್ಟನ್ನು ತಟ್ಟನೆ ಬಿಗಿ ಮಾಡುವ ಪ್ರಿಟೆನ್ಷನರ್ ಕೂಡ ಪಟಾಕಿ ಇದ್ದ ಹಾಗೆ, ಒಮ್ಮೆ ಸಿಡಿದರೆ ಅದರ ಕೆಲಸ ಮುಗಿಯಿತು. ಅದನ್ನು ಬದಲಿಸಿ ಬಂದ ರೀಬಿಲ್ಡ್ ಗಾಡಿ ನನ್ನ ಕೈಗೆ ಸಿಕ್ಕಿದ್ದು ತೀರಾ ಕಡಿಮೆ.

ಇನ್ನು ನಮ್ಮ ಕಸುಬಿನ ಮಾತು. ಕೆಂಪಗೆ ಕಾಯಿಸಿ, ಬಡಿದು, ನೆಟ್ಟಗೆ ಮಾಡುವುದನ್ನೇ ನಾನು ಉಸ್ತಾದರ ಹತ್ತಿರ ಕಲಿತದ್ದು. ಅಂಬಾಸಿಡರ್ ಕಾಲದ ತಗಡಿಗೆ ಅದು ನಡೆಯುತ್ತಿತ್ತು. ಈಗಿನ ಕಾರುಗಳ ಪಿಲ್ಲರುಗಳಲ್ಲಿ (ಬಾಗಿಲ ಪಕ್ಕ ಮಾಡು ಹೊರುವ ಕಂಬ) ಹಾಕುವುದು ವಿಶೇಷವಾಗಿ ಗಟ್ಟಿ ಮಾಡಿದ ಉಕ್ಕು. ಅದಕ್ಕೆ ಗ್ಯಾಸ್ ಬೆಂಕಿ ಹಿಡಿದರೆ ಆಕಾರ ಬರುತ್ತದೆ, ಗಟ್ಟಿತನ ಹೋಗುತ್ತದೆ. ಮುಂದೆ ಚಾಸಿ ತುದಿ ಮಡಚಿಕೊಂಡು ಪೆಟ್ಟು ನುಂಗಬೇಕು, ಕೂತವರ ಜಾಗ ಮಡಚಬಾರದು. ಕಟ್ ಮಾಡಿ ಬೆಸುಗೆ ಹಾಕಿದ ಗಾಡಿ ಎಲ್ಲಿ ಮಡಚುತ್ತದೋ ಹೇಳಲಾಗದು.

ಕಾಗದ ನೋಡಿ ಸಮಾಧಾನ ಪಡಬೇಡಿ. ಆರ್‌ಸಿಯಲ್ಲಿ ಟೋಟಲ್ ಲಾಸ್ ಅಂತ ಬರೆದಿರುವುದಿಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಇನ್ಶೂರೆನ್ಸ್ ಅವಧಿ, ಸಾಲ ಕಾಣುತ್ತದೆ, ಅಪಘಾತ ಕಾಣುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷ, ಅಲ್ಲಿಯವರೆಗೆ ಫಿಟ್ನೆಸ್‌ಗೆ ಕರೆಯುವವರಿಲ್ಲ. ಮೋಟಾರು ವಾಹನ ಕಾಯ್ದೆ 1988ರ 55ನೇ ಕಲಮಿನ ಪ್ರಕಾರ ಗಾಡಿ ಮತ್ತೆಂದೂ ಬಳಸಲಾಗದಂತೆ ಹಾಳಾದರೆ ಮಾಲೀಕ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಆದರೂ ಎಷ್ಟೋ ಗಾಡಿ ಆರ್‌ಸಿ ಸಮೇತವೇ ಹರಾಜಾಗುತ್ತವೆ. ತೆಲಂಗಾಣದ ನಂಬರ್ ಹೋಗಿ ನಮ್ಮ ರಾಯಚೂರಿನ ಕೆಎ-36 ಬಂದ ಮೇಲಂತೂ ಹಳೆಯ ಕಥೆ ಕೇಳುವವರೇ ಇಲ್ಲ. ಕದ್ದ ಗಾಡಿಗೆ ಇಂಥ ಆರ್‌ಸಿ ಅಂಟಿಸಿ ಮಾರುವವರೂ ಇದ್ದಾರೆ. ಅದಕ್ಕೇ ಚಾಸಿ ನಂಬರಿನ ಸುತ್ತ ಬೆಸುಗೆ, ಹೊಸ ಬಣ್ಣ ಇದೆಯಾ ಅಂತ ಬೆರಳಾಡಿಸಿ ನೋಡಿ.

ಆ ಸ್ವಿಫ್ಟನ್ನು ಹಗಲು ಬೆಳಕಿನಲ್ಲೇ ನೋಡಿ. ಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಬೀಡಿಂಗ್ ಎಳೆಯಿರಿ. ಕಂಪನಿಯ ಸ್ಪಾಟ್ ವೆಲ್ಡ್ ಸಮ ಅಂತರದಲ್ಲಿ ಗುಂಡಗೆ ಕುಳಿ ಕುಳಿಯಾಗಿ ಸಾಲಾಗಿರುತ್ತದೆ. ಅಲ್ಲಿ ಪುಟ್ಟಿಯ ನುಣುಪು ಅಥವಾ ಉದ್ದ ಬೆಸುಗೆ ಗೆರೆ ಕಂಡರೆ ಬಿಟ್ಟುಬಿಡಿ. ಬೆಲ್ಟನ್ನು ಪೂರ್ತಿ ಎಳೆದು ಕೆಳಗಿನ ಚೀಟಿಯಲ್ಲಿ ತಯಾರಾದ ವರ್ಷ ನೋಡಿ, ಅದು ಅಪಘಾತಕ್ಕೆ ಮುಂಚಿನದಾದರೆ ಬೆಲ್ಟ್ ಬದಲಿಸಿಲ್ಲ ಅಂತ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಹತ್ತಲೇ ಇಲ್ಲ ಅಂದರೆ ಆ ದೀಪವನ್ನೇ ಕಿತ್ತಿರಬಹುದು. ಸರಿಯಾಗಿ ಆರಿದರೂ ಮೇಲೆ ಹೇಳಿದ ರೆಸಿಸ್ಟರ್ ನೆನಪಿರಲಿ. ಮಾರುವವರನ್ನೇ ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಏರ್‌ಬ್ಯಾಗ್ ಪರೀಕ್ಷೆ ಮಾಡಿಸಿ, ಹಳೆಯ ಬಾಡಿ ಕೆಲಸದ ದಾಖಲೆ ಕೇಳಿ.

ಎಲ್ಲ ಟೋಟಲ್ ಲಾಸ್ ಗಾಡಿಯೂ ಕೆಟ್ಟದ್ದಲ್ಲ. ಹತ್ತು ವರ್ಷದ ಹಳೆಯ ಗಾಡಿಯ ಐಡಿವಿ ಅಷ್ಟು ಇಳಿದಿರುತ್ತದೆ, ಬಾಗಿಲು, ಬಾನೆಟ್, ಲೈಟು ಹೋದರೂ ಶೇ. 75 ದಾಟುತ್ತದೆ. ಚಾಸಿಗೆ ಪೆಟ್ಟಾಗದೆ, ಬಿಲ್ ಸಮೇತ ಭಾಗ ಬದಲಿಸಿದ್ದರೆ ನಾನೂ ಹೂಂ ಅಂತೇನೆ. ನಿಮ್ಮದು 2019ರ ಗಾಡಿ. ಆ ವಯಸ್ಸಿನ ಕಾರು ಟೋಟಲ್ ಲಾಸ್ ಆಗಬೇಕಾದರೆ ಪೆಟ್ಟು ದೊಡ್ಡದೇ ಇರಬೇಕು.

ಅಪಘಾತವಾದಾಗಿನ ಫೋಟೋ ಕೇಳಿ, ಹರಾಜಿನಲ್ಲಿ ಹಿಡಿದವರ ಫೋನಿನಲ್ಲಿ ಇದ್ದೇ ಇರುತ್ತದೆ. ಇಲ್ಲ ಅಂದರೆ, ಅಥವಾ ಬೀಡಿಂಗ್ ಎಳೆಯಲು ಬಿಡದಿದ್ದರೆ, ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.